ಬಸ್ರೂರಲ್ಲಿ ಕಾಂಬುಕೆ ಎಂತ ಇತ್ತ್?

ಹೋದ ಜನವರಿಯಲ್ಲಿ ಕುಂದಾಪುರದಿಂದ ಭಾವ ಬಂದಿದ್ದರು. ನಾನು ಎರ್ನಾಕುಲಂಗೆ ಬಂದು ಹನ್ನೊಂದು ವರ್ಷವಾಯ್ತು. ಊರಿಂದ ಯಾರೇ ಬರಲಿ, ದೋಣಿ ಹತ್ತಿಸಿ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋಗುವುದು ನನ್ನ ಡ್ಯೂಟಿ. ಆಚೆ ದಡದಲ್ಲಿ ಒಂದು ಆಟೋ ಹಿಡಿದೆವು. ಡ್ರೈವರ್ ಬಾಯಿ ಮುಚ್ಚಿದ್ದೇ ಇಲ್ಲ. 1341ರಲ್ಲಿ ಪೆರಿಯಾರ್ ಹೊಳೆಗೆ ನೆರೆ ಬಂದು ಹಳೆಯ ಮುಸಿರಿಸ್ ಬಂದರಿನಲ್ಲಿ ಹೂಳು ತುಂಬಿತಂತೆ, ಇತ್ತ ಕೊಚ್ಚಿಯ ಅಳಿವೆ ಬಾಯಿ ಬಿಟ್ಟಿತಂತೆ. ಅಲ್ಲಿಂದ ಶುರು. 1503ರಲ್ಲಿ ಪೋರ್ಚುಗೀಸರ ಕೋಟೆ, 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು. ನಮ್ಮ ಕಡೆ ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ ಇಸವಿಗಳನ್ನು ಒದರುತ್ತಿದ್ದ.

ಆಮೇಲೆ ನಮ್ಮ ಊರು ಯಾವುದು ಅಂತ ಕೇಳಿದ. ಹೇಳಿದೆ. ಸುಮ್ನಿರಲಾರದೆ, "ನಮ್ಮಲ್ಲೂ ಹಳೇ ಬಂದರು ಇದೆ, ಬಸ್ರೂರು ಅಂತ" ಎಂದೂ ಸೇರಿಸಿದೆ.

"ಅವಿಡೆ ಎಂದುಂಡು ಕಾಣಾನ್?"

ಅಲ್ಲಿ ನೋಡಲು ಏನಿದೆ ಅಂತ. ನಮ್ಮ ಕುಂದಾಪುರ ಕನ್ನಡದ 'ಕಾಂಬುಕೆ ಎಂತ ಇತ್ತ್' ಅನ್ನುವುದಕ್ಕೂ ಇದಕ್ಕೂ ದೂರವೇನಿಲ್ಲ. ಮಲಯಾಳ ಬಾರದ ಭಾವನಿಗೂ ಅರ್ಥವಾಯ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಉತ್ತರ ಹೊಳೆಯಲೇ ಇಲ್ಲ.

ಅವತ್ತಿಡೀ ಆ ಮಾತು ಚುಚ್ಚುತ್ತಲೇ ಇತ್ತು. ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಹೋದೆವು. ವಾಸ್ಕೋ ಡ ಗಾಮ 1524ರಲ್ಲಿ ಸತ್ತದ್ದು ಕೊಚ್ಚಿಯಲ್ಲೇ, ಅವನನ್ನು ಹೂತದ್ದು ಈ ಚರ್ಚಿನಲ್ಲೇ. ಕೆಲವು ವರ್ಷ ಕಳೆದ ಮೇಲೆ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಈಗ ನೆಲದಲ್ಲಿ ಒಂದು ಕಲ್ಲು, ಸುತ್ತ ಕಟಕಟೆ, ಅದರ ಸುತ್ತ ಫೋಟೋ ಹೊಡೆಯುವ ಜನ. "ಒಳಗೆ ಹೆಣವೇ ಇಲ್ಲ ಮಾರಾಯಾ, ಅದಕ್ಕೂ ಬೇಲಿ!" ಎಂದರು ಭಾವ. ನಗು ಬಂತು. ಆದರೆ ಖಾಲಿ ಗೋರಿಯನ್ನೂ ಇಷ್ಟು ಜೋಪಾನ ಮಾಡುವ ಊರು ಇದು. ನಮ್ಮಲ್ಲಿ ಅಕ್ಷರ ತುಂಬಿದ ಕಲ್ಲಿಗೆ ಸೈಕಲ್ ಒರಗಿಸುತ್ತೇವೆ.

ಬಸ್ರೂರು ಕಡಿಮೆ ಊರೇನಲ್ಲ. ವಾರಾಹಿ ದಂಡೆಯ ಪೇಟೆ ಅದು. ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್. ಅಲ್ಲಿಂದ ಹೊರಟ ಅಕ್ಕಿ ಗೋವಾಕ್ಕೂ ಹೋಗುತ್ತಿತ್ತು, ಈ ಮಲಬಾರಿಗೂ ಬರುತ್ತಿತ್ತು. 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಲೂಟಿ ಮಾಡಿದ್ದೂ ಈ ಊರನ್ನೇ. ಸುಮ್ನೆ ಯಾರಾದರೂ ಅಷ್ಟು ದೂರ ಬರ್ತಾರಾ? ನಾನು ಓದಿದ ಶಾಲೆಯಿಂದ ಬಸ್ರೂರಿಗೆ ಬಸ್ಸಲ್ಲಿ ಅರ್ಧ ಗಂಟೆಯೂ ಬೇಡ. ಗಾಮ ಕಲ್ಲಿಕೋಟೆಗೆ ಬಂದ 1498ನ್ನು ಉರು ಹೊಡೆಸಿದ ಮೇಷ್ಟ್ರು ಬಸ್ರೂರಿನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ನನಗದು ಅತ್ತೆಯ ಮನೆಗೆ ಹೋಗುವ ದಾರಿ, ಅಷ್ಟೆ.

ಕೊಚ್ಚಿಯವರು ಬೇರೆ ಊರಿನಿಂದ ಬಂದವರನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ತುಸ್ ಮಲಬಾರಿಕುಸ್' 1678ರಿಂದ 1693ರ ನಡುವೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಮಲಬಾರಿನ ಗಿಡಮೂಲಿಕೆಗಳ ಪುಸ್ತಕ. ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಅದಕ್ಕೆ ದುಡಿದರು. ಅವರ ಕೊಂಕಣಿ ಬರಹ ಪುಸ್ತಕದಲ್ಲೇ ಇದೆ. ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಾಂಚೇರಿಯಲ್ಲಿ ಇವತ್ತಿಗೂ ಅಂಗಡಿಯವರ ಕೊಂಕಣಿ ಕಿವಿಗೆ ಬೀಳುತ್ತದೆ. ನಮ್ಮ ಕುಂದಾಪುರದ ಹತ್ತಿರದ ಗಂಗೊಳ್ಳಿ ಪೇಟೆಯಲ್ಲೇ ನಿಂತ ಹಾಗಾಗಿ ಒಂದು ಗಳಿಗೆ ಗಂಟಲು ಕಟ್ಟುತ್ತದೆ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ಭಾವ ಬಿಡಲಿಲ್ಲ. ಮಟ್ಟಾಂಚೇರಿಯ ಡಚ್ ಅರಮನೆಯನ್ನು ಕಟ್ಟಿಸಿದವರು ಡಚ್ಚರೇ ಅಲ್ಲ, 1555ರ ಹೊತ್ತಿಗೆ ಪೋರ್ಚುಗೀಸರು ಕಟ್ಟಿಸಿ ರಾಜನಿಗೆ ಕೊಟ್ಟದ್ದು. ಹೆಸರು ಮಾತ್ರ ರಿಪೇರಿ ಮಾಡಿದವರದ್ದು. ಪಕ್ಕದ ಯಹೂದಿ ಬೀದಿಯಲ್ಲಿ 1568ರ ಸಿನಗಾಗ್ ಇದೆ, ನೆಲದ ಮೇಲೆ ನೀಲಿ ಬಣ್ಣದ ಚೀನೀ ಹಂಚುಗಳು ಇವೆ. ಯಹೂದಿಗಳು ಮಾತ್ರ ಇಲ್ಲವೆಂದರೂ ಸರಿಯೇ, ಹೆಚ್ಚಿನವರು ಇಸ್ರೇಲಿಗೆ ಹೋಗಿಬಿಟ್ಟರು. ಅವರ ಬೀದಿ ತುಂಬ ಈಗ ಶಾಲು, ಮಸಾಲೆ, ಹಳೇ ಸಾಮಾನು ಮಾರುವ ಅಂಗಡಿಗಳು. "ನಮ್ ಬಸ್ರೂರಲ್ಲಿ ಬೋರ್ಡಿಲ್ಲ ಖರೆ, ಜನ ಇದ್ರಲ್ಲ" ಎಂದರು ಭಾವ. ಮಹಾಲಿಂಗೇಶ್ವರನಿಗೆ ಪೂಜೆ ನಡೆಯುತ್ತಿದೆ, ಕೇರಿಗಳಲ್ಲಿ ಸಂಜೆ ದೀಪ ಹಚ್ಚುತ್ತಾರೆ. ಅದೂ ಸರಿಯೇ. ಹಾಗಂತ ಬೋರ್ಡು ಹಾಕಿದರೆ ಜನ ಓಡಿಹೋಗುತ್ತಾರಾ ಅಂತ ನಾನೂ ಕೇಳಿದೆ. ಅವರು ಸುಲೈಮಾನಿ ಚಹಾ ಕುಡಿಯುತ್ತಾ ಸುಮ್ಮನಾದರು.

ಊರು ಮುಟ್ಟಿದ ವಾರಕ್ಕೆ ಭಾವನ ಫೋಟೋ ಬಂತು. ಬಸ್ರೂರಿನ ಒಂದು ಶಾಸನದ ಕಲ್ಲು. ಮೇಲೆ ಸೂರ್ಯ, ಚಂದ್ರ, ಕೆಳಗೆ ಸಾಲು ಸಾಲು ಹಳೆಗನ್ನಡ. ಪಕ್ಕದಲ್ಲಿ ಅವರದ್ದೇ ಹೆಲ್ಮೆಟ್. "ಇದ್ರಗೆ ಎಂತ ಬರ್ದಿತ್ತ್ ಮಾರಾಯಾ?" ಅಂತ ಕೇಳಿದ್ದಾರೆ. ದೊಡ್ಡದು ಮಾಡಿ ನೋಡಿದೆ. 'ಸ್ವಸ್ತಿ ಶ್ರೀ' ಅಂತ ಕಾಣುತ್ತದೆ, ಅದರ ಮುಂದೆ ನನಗೂ ಓದಲು ಬರುತ್ತಿಲ್ಲ.