ಶ್ಲೋಕ ಅಲ್ಲ, ಶ್ಲೋಕ್

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾ. ಅದರ ರಾಜಧಾನಿ ವಲೆಟ್ಟಾದಲ್ಲಿ ಬಸ್ಸಿನ ಬೋರ್ಡು ಓದಲು ಹೋಗಿ ನಾಲಿಗೆ ಸಿಕ್ಕಿಕೊಂಡಿತು. ಊರಿನ ಹೆಸರಿನ ನಡುವೆ ಒಂದು ಎಕ್ಸ್ ಅಡ್ಡ ನಿಂತಿತ್ತು. ಪಕ್ಕದಲ್ಲಿದ್ದ ಅಜ್ಜಿ ನಕ್ಕು ಹೇಳಿಕೊಟ್ಟರು: ಮಾರ್ಸಶ್ಲೋಕ್. ನನ್ನ ಕಿವಿಗೆ ಬಿದ್ದದ್ದು ಶ್ಲೋಕ!

ಮಾಲ್ಟೀಸ್ ಅರಬ್ಬಿ ಮೂಲದ ಭಾಷೆ, ಲಿಪಿ ಮಾತ್ರ ರೋಮನ್. ಅದರಲ್ಲಿ ಎಕ್ಸ್ ಅಂದರೆ ಶ. ಮಾರ್ಸ ಅಂದರೆ ಬಂದರು. ಶ್ಲೋಕ್ ಅಂದರೆ ಆಗ್ನೇಯ, ಆ ದಿಕ್ಕಿನಿಂದ ಬೀಸುವ ಗಾಳಿಯೂ ಹೌದು. ಆಫ್ರಿಕಾದ ಮರಳುಗಾಡಿನಲ್ಲಿ ಹುಟ್ಟಿ, ಸಮುದ್ರ ದಾಟುವಾಗ ತೇವ ಕುಡಿದು, ಇಲ್ಲಿ ಬಂದು ಮೈಗೆ ಅಂಟುವ ಗಾಳಿ. ಕಾಟ ಕೊಡುವವನ ಹೆಸರನ್ನೇ ಊರಿಗಿಟ್ಟಿದ್ದಾರೆ. ನನಗೇಕೋ ಈ ಜನ ಅಲ್ಲೇ ಇಷ್ಟವಾಗಿಬಿಟ್ಟರು.

ಇಡೀ ಮಾಲ್ಟಾ ದೇಶವೇ 316 ಚದರ ಕಿಲೋಮೀಟರ್. ಬಸ್ಸು ಹತ್ತಿ ಕೂತು ಸ್ವಲ್ಪ ತೂಕಡಿಸುವಷ್ಟರಲ್ಲಿ ಕಡಲು ಬಂತು. ಕೊಲ್ಲಿಯ ತುಂಬ ದೋಣಿಗಳು. ಲುತ್ಸು ಅಂತಾರೆ. ಹಳದಿ, ಕೆಂಪು, ಹಸಿರು, ನೀಲಿ ಪಟ್ಟೆ. ಮೂತಿಯ ಎರಡೂ ಕಡೆ ಒಂದೊಂದು ಕಣ್ಣು. ಪ್ರಾಚೀನ ಕಾಲದ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಕಾಲದ ರೂಢಿ ಅನ್ನುತ್ತಾರೆ. ಕಣ್ಣಿನ ಹತ್ತಿರ ಮೀಸೆಯ ಹಾಗೆ ಒಂದು ಪಟ್ಟಿ. ಹಿಂದೆ ಮನೆಯಲ್ಲಿ ಸಾವಾದರೆ ಆ ಮೀಸೆಗೆ ಕಪ್ಪು ಬಳಿಯುತ್ತಿದ್ದರಂತೆ. ದೋಣಿಗೂ ಸೂತಕ!

ಈ ಕೊಲ್ಲಿ ಹಡಗು ನಿಲ್ಲಿಸಲು ಅದೆಷ್ಟು ಚೆನ್ನಾಗಿದೆ ಅಂದರೆ, ಕರೆಯದವರೂ ಬಂದಿದ್ದಾರೆ. 1565ರಲ್ಲಿ ತುರ್ಕರು, 1798ರಲ್ಲಿ ನೆಪೋಲಿಯನ್ನನ ಸೈನಿಕರು. ಅದಕ್ಕೂ ಎಷ್ಟೋ ಹಿಂದಿನ ಕಥೆ ಪಕ್ಕದ ದಿಬ್ಬ ತಾಸ್-ಸಿಲ್ಜ್‌ನದು. ಅಲ್ಲಿ ಮೊದಲು ಫಿನೀಷಿಯನ್ನರ ದೇವಿ ಅಸ್ಟಾರ್ಟೆ, ಆಮೇಲೆ ರೋಮನ್ನರ ಜೂನೋ ದೇವಿಯ ಗುಡಿಯಿತ್ತು. ಉತ್ತರ ಆಫ್ರಿಕಾದ ನ್ಯುಮಿಡಿಯಾದ ದೊರೆ ಮಸಿನಿಸ್ಸನ ನೌಕಾಪತಿ ಮಾಲ್ಟಾದ ಜೂನೋ ಗುಡಿಯಿಂದ ಭಾರಿ ಆನೆದಂತಗಳನ್ನು ಎತ್ತಿಕೊಂಡು ಹೋಗಿ ದೊರೆಗೆ ಕಾಣಿಕೆ ಕೊಟ್ಟನಂತೆ. ದೊರೆಗೆ ಖುಷಿಯೋ ಖುಷಿ. ದೇವರ ಸೊತ್ತು ಎಂದು ಗೊತ್ತಾದದ್ದೇ ತಡ, ಅವುಗಳ ಮೇಲೆ ವಿಷಯ ಬರೆಸಿ ವಾಪಸ್ ಕಳಿಸಿದ. ಮುಂದೆ ಸಿಸಿಲಿಯ ರೋಮನ್ ಅಧಿಕಾರಿ ವೆರ್ರೆಸ್ ಅವನ್ನೇ ಮತ್ತೆ ಹೊಡೆದುಕೊಂಡ. ಕ್ರಿ.ಪೂ. 70ರಲ್ಲಿ ಅವನ ಮೇಲೆ ನಡೆದ ಮೊಕದ್ದಮೆಗೆಂದು ಬರೆದ ಭಾಷಣದಲ್ಲಿ ರೋಮಿನ ವಕೀಲ ಸಿಸೆರೊ ಈ ಕಥೆ ಎತ್ತಿದ್ದಾನೆ. ದೊರೆಗಿದ್ದ ಅಂಜಿಕೆ ಅಧಿಕಾರಿಗೆ ಎಲ್ಲಿ ಬರಬೇಕು, ಅಲ್ವಾ?

1989ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಸೋವಿಯತ್ ನಾಯಕ ಗೋರ್ಬಚೇವ್ ಇದೇ ಕೊಲ್ಲಿಗೆ ಬಂದರು. ಶೀತಲ ಸಮರದ ಬಗ್ಗೆ ಯುದ್ಧನೌಕೆಗಳ ಮೇಲೆ ಕೂತು ಮಾತಾಡುವ ಏರ್ಪಾಡು. ಬಿರುಗಾಳಿ ಎದ್ದು ಎಲ್ಲ ತಲೆಕೆಳಗಾಯಿತು. ದಡಕ್ಕೆ ಕಟ್ಟಿದ್ದ ಸೋವಿಯತ್ ಪ್ರಯಾಣಿಕರ ಹಡಗಿನಲ್ಲಿ ಮಾತುಕತೆ ನಡೆಯಿತು. ಸಂಜೆಯ ಊಟ ರದ್ದು. ಬುಷ್ ತಮ್ಮ ನೌಕೆಯಲ್ಲೇ ತೂಗಾಡುತ್ತ ಉಳಿದರು.

ಈಗ ಭಾನುವಾರ ಮೀನು ಸಂತೆ, ಪ್ರವಾಸಿಗರ ಜಾತ್ರೆ. ಆಗಸ್ಟ್ ಅರ್ಧ ಕಳೆದರೆ ಲಂಪೂಕಿ ಮೀನಿನ ಕಾಲ. ಅದನ್ನು ಹಿಡಿಯುವ ಉಪಾಯ ಚೆಂದ: ತಾಳೆ ಜಾತಿಯ ಮರದ ಗರಿಗಳನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಮೀನು ನೆರಳಿಗೆಂದು ಬಂದು ಸೇರುತ್ತದೆ. ಸುತ್ತ ಬಲೆ.

ಸಂತೆ ದಾಟಿ ಬಂದರೆ, ದಡಕ್ಕೆಳೆದ ದೋಣಿಯ ಪಕ್ಕ ಒಬ್ಬ ಮುದುಕ ಕುಕ್ಕರುಗಾಲಿನಲ್ಲಿ ಕೂತು ಕಣ್ಣಿಗೆ ಬಣ್ಣ ಹಚ್ಚುತ್ತಿದ್ದ. ಬಿಳಿ ಒಣಗಿತ್ತು, ಗುಡ್ಡೆ ಬಾಕಿ. ನಾನು ಬಗ್ಗಿ ನೋಡಿದೆ. ಅವನು ತಲೆ ಎತ್ತದೆ, ಕುಂಚದಲ್ಲೇ ಆ ಕಡೆ ಸರಿ ಎಂದು ಸನ್ನೆ ಮಾಡಿದ. ನನ್ನ ನೆರಳು ಕಣ್ಣಿನ ಮೇಲೆ ಬೀಳುತ್ತಿತ್ತು.