ಗಣಿ ಬೇಕೆನ್ನುವವರು ಗುಜರಿಯನ್ನೂ ನೋಡಲಿ

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದ ಮೇಲೆ ನಮ್ಮ ವಾಹನ ತಯಾರಕರು ಆ ಲೋಹಗಳಿಂದ ಮಾಡುವ ಆಯಸ್ಕಾಂತಗಳಿಗಾಗಿ ಪರದಾಡಿದರು. ಅಂದಿನಿಂದ ಇಲ್ಲಿನ ಚರ್ಚೆಯೆಲ್ಲ ಹೊಸ ಗಣಿಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅದಿರು ನಮ್ಮಲ್ಲಿ ಇಲ್ಲದಿಲ್ಲ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ಈ ಲೋಹಗಳಿರುವ ಮೊನಜೈಟ್ ಎಂಬ ಖನಿಜ ಇದೆ. ಅದನ್ನು ಸಂಸ್ಕರಿಸುವ ಘಟಕ ಆಲುವಾದಲ್ಲಿ 1952ರಲ್ಲೇ ಆರಂಭವಾಗಿತ್ತು. ತೊಡಕಿರುವುದು ಅಗೆದ ನಂತರದ ರಸಾಯನಶಾಸ್ತ್ರದಲ್ಲಿ.

ಲ್ಯಾಂಥನಮ್‌ನಿಂದ ಲುಟೀಶಿಯಮ್‌ವರೆಗೆ ಸಾಗಿದಂತೆ ಹೆಚ್ಚುವ ಎಲೆಕ್ಟ್ರಾನುಗಳು ಬಹುಮಟ್ಟಿಗೆ ಪರಮಾಣುವಿನ ಒಳಗಿನ 4ಎಫ್ ಕಕ್ಷಕಗಳನ್ನು ತುಂಬುತ್ತವೆ, ರಾಸಾಯನಿಕ ಕ್ರಿಯೆಗಳಲ್ಲಿ ತೊಡಗುವ ಹೊರಗಿನ ಎಲೆಕ್ಟ್ರಾನುಗಳು ಅಷ್ಟಾಗಿ ಬದಲಾಗುವುದಿಲ್ಲ. ಹೀಗಾಗಿ ಈ ಸಾಲಿನ ಹದಿನೈದು ವಿರಳ ಭೂಲೋಹಗಳ ರಾಸಾಯನಿಕ ವರ್ತನೆ ಹೆಚ್ಚುಕಡಿಮೆ ಒಂದೇ. ಮೂರು ಧನಾವೇಶ ಹೊತ್ತ ಅವುಗಳ ಅಯಾನಿನ ತ್ರಿಜ್ಯ ಇಡೀ ಸಾಲಿನಲ್ಲಿ ಇಳಿಯುವುದು ಸುಮಾರು 103 ಪಿಕೋಮೀಟರಿನಿಂದ (ಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗವೇ ಪಿಕೋಮೀಟರ್) 86ಕ್ಕೆ. ಅಕ್ಕಪಕ್ಕದ ಎರಡರ ನಡುವಿನ ಅಂತರ ಒಂದೆರಡು ಪಿಕೋಮೀಟರ್ ಅಷ್ಟೆ. ಬೇರ್ಪಡಿಸುವ ವಿದ್ಯೆಯೆಲ್ಲ ಈ ಕೂದಲೆಳೆಯ ವ್ಯತ್ಯಾಸವನ್ನೇ ನೆಚ್ಚಿಕೊಂಡಿದೆ. 1911ರಲ್ಲಿ ರಸಾಯನವಿಜ್ಞಾನಿ ಚಾರ್ಲ್ಸ್ ಜೇಮ್ಸ್ ಇವುಗಳಲ್ಲೊಂದಾದ ಥೂಲಿಯಮ್ಮನ್ನು ಶುದ್ಧವಾಗಿ ಪಡೆಯಲು ಸುಮಾರು 15,000 ಬಾರಿ ಹರಳುಗಟ್ಟಿಸಬೇಕಾಯಿತು. ಇಂದಿನ ಕಾರ್ಖಾನೆಗಳಲ್ಲಿ ಆಮ್ಲೀಯ ದ್ರಾವಣವನ್ನೂ ರಂಜಕಯುಕ್ತ ಸಾವಯವ ಆಮ್ಲ ಬೆರೆಸಿದ ಸೀಮೆಎಣ್ಣೆಯಂಥ ದ್ರವವನ್ನೂ ನೂರಾರು ತೊಟ್ಟಿಗಳಲ್ಲಿ ಮತ್ತೆ ಮತ್ತೆ ಕಲಕಿ, ತಂಗಿಸಿ, ಪ್ರತಿ ಹಂತದಲ್ಲೂ ತುಸುವೇ ಶುದ್ಧಿಯನ್ನು ಗಳಿಸಲಾಗುತ್ತದೆ. ಆಮ್ಲ, ಕ್ಷಾರ, ಕೊಳೆನೀರಿನ ಲೆಕ್ಕ ಬೇರೆ. ಮೊನಜೈಟ್ ಆದರೆ ಜೊತೆಗೆ ವಿಕಿರಣಶೀಲ ಥೋರಿಯಮ್ ಕೂಡ ಬರುತ್ತದೆ.

ಇದಕ್ಕೆ ಹೋಲಿಸಿದರೆ ಹಳೆಯ ಹಾರ್ಡ್ ಡಿಸ್ಕಿನೊಳಗಿನ ನಿಯೋಡಿಮಿಯಮ್ ಆಯಸ್ಕಾಂತ ಬಲು ಶ್ರೀಮಂತ ಅದಿರು. ಅದರ ತೂಕದಲ್ಲಿ ಸುಮಾರು ಶೇ 30ರಷ್ಟು ವಿರಳ ಭೂಲೋಹಗಳೇ, ಥೋರಿಯಮ್ಮಿನ ಕಾಟವಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ವಿಧಾನದಲ್ಲಿ ಆಯಸ್ಕಾಂತ ಹೈಡ್ರೋಜನ್ ಹೀರಿ ಉಬ್ಬಿ, ಕಾಂತಗುಣ ಕಳೆದುಕೊಂಡ ಪುಡಿಯಾಗಿ ಉದುರುತ್ತದೆ. ಆ ಪುಡಿಯಿಂದಲೇ ಮತ್ತೆ ಆಯಸ್ಕಾಂತ ಮಾಡಬಹುದಾದ್ದರಿಂದ ತೊಟ್ಟಿಗಳ ಸಾಲೇ ಬೇಕಾಗುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ 2018ರಲ್ಲಿ ಪತ್ತೆಯಾದ ಲ್ಯಾನ್‌ಮಾಡ್ಯುಲಿನ್ ಎಂಬ ಪ್ರೋಟೀನು ಈ ಲೋಹಗಳನ್ನು ಹೆಕ್ಕಿ ಹಿಡಿಯುವ ಬಗೆ ಇನ್ನೂ ಸೊಗಸಾದದ್ದು. ಪ್ರಯೋಗಾಲಯದ ಸೊಗಸು ಟನ್ನುಗಟ್ಟಲೆ ಗುಜರಿಯ ಮುಂದೆ ಎಷ್ಟು ನಿಲ್ಲುತ್ತದೆಂಬ ಅನುಮಾನವೂ ನನಗಿದೆ.

ಆದರೂ ನಮ್ಮಲ್ಲಿ ಈ ಲೋಹ ಮರಳಿ ಸಿಗದಿರುವುದಕ್ಕೆ ವಿಜ್ಞಾನದ ಕೊರತೆಗಿಂತ ನಿಯಮದ ಕೊರತೆಯೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಹಳೆಯ ಉಪಕರಣಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿದಾಗ ಆಯಸ್ಕಾಂತದ ಪುಡಿ ಕಬ್ಬಿಣಕ್ಕೆ ಅಂಟಿಕೊಂಡು ಕುಲುಮೆಗೆ ಹೋಗುತ್ತದೆ, ಅಲ್ಲಿ ಕಿಟ್ಟದಲ್ಲಿ ಸೇರಿ ಕಳೆದುಹೋಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳಡಿ ಮರುಬಳಕೆದಾರರಿಗೆ, ತಯಾರಕರು ಹಣ ಕೊಟ್ಟು ಕೊಳ್ಳುವ ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಮ್ಮಿಗೆ. ಹೀಗಿರುವಾಗ ಆಯಸ್ಕಾಂತವನ್ನು ಕೈಯಿಂದ ಬಿಚ್ಚಿ ತೆಗೆಯುವ ಕೂಲಿಯನ್ನು ಯಾರು ಕೊಡುತ್ತಾರೆ? ಆಯಸ್ಕಾಂತಗಳಲ್ಲಿ ಬಳಸುವ ನಿಯೋಡಿಮಿಯಮ್ ಮತ್ತು ಡಿಸ್ಪ್ರೋಸಿಯಮ್‌ಗಳನ್ನು ಈ ಪಟ್ಟಿಗೆ ಸೇರಿಸುವುದು ಹೊಸ ಗಣಿ ತೆರೆಯುವುದಕ್ಕಿಂತ ಬಹಳ ಅಗ್ಗದ ಕೆಲಸ.

2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಗುರಿಯಿಟ್ಟು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆಯಸ್ಕಾಂತವನ್ನು ಕೊಯ್ದು, ಉಜ್ಜಿ ಆಕಾರಕ್ಕೆ ತರುವಾಗ ಗಣನೀಯ ಪ್ರಮಾಣದ ಲೋಹ ಪುಡಿಯಾಗಿ ಬೀಳುತ್ತದೆ. ಈಗ ಮಾರಾಟವಾಗುತ್ತಿರುವ ವಿದ್ಯುತ್ ವಾಹನಗಳ ಮೋಟಾರುಗಳು ಗುಜರಿಗೆ ಬರಲು ಇನ್ನೂ ವರ್ಷಗಳು ಬೇಕು, ಈ ಪುಡಿ ಮಾತ್ರ ಕಾರ್ಖಾನೆ ತೆರೆದ ದಿನದಿಂದಲೇ ಸಿಗುತ್ತದೆ. ಆದ್ದರಿಂದ ಸಹಾಯಧನ ಪಡೆಯುವ ಪ್ರತಿ ಘಟಕವೂ ಈ ಪುಡಿಯ ಮರುಪಡೆಯುವಿಕೆಯ ವ್ಯವಸ್ಥೆಯನ್ನು ತನ್ನ ಆವರಣದಲ್ಲೇ ಹೊಂದಿರಬೇಕೆಂಬ ಷರತ್ತನ್ನು ವಿಧಿಸಬೇಕು.