ಮೌಸ್ ಮುಟ್ಟದ ಮಹಾನುಭಾವರು

ಬೆಳ್ಳಿತೆರೆಯ ಹ್ಯಾಕರ್‌ಗಳೆಲ್ಲರೂ ಪ್ರಾಣ ಹೋದರೂ ಮೌಸ್ ಮುಟ್ಟುವುದಿಲ್ಲವೆಂದು ವ್ರತ ಹಿಡಿದವರಂತೆ ಕಾಣುತ್ತಾರೆ. ಕತ್ತಲೆ ಕೋಣೆಯಲ್ಲಿ ಕುಳಿತು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳನ್ನು ಯಾರೂ ಓದಲಾಗದ ವೇಗದಲ್ಲಿ ಸುರಿಸುತ್ತ, ಬ್ಯಾಕ್‌ಸ್ಪೇಸ್ ಕೀಲಿಯ ಹಂಗೇ ಇಲ್ಲದೆ ಅವರು ಟೈಪ್ ಮಾಡುತ್ತ ಹೋಗುತ್ತಾರೆ. ಅರ್ಧ ನಿಮಿಷ ಕಳೆಯುವುದರೊಳಗೆ ಯಾವುದೋ ಸೇನಾ ನೆಲೆಯ ಸರ್ವರ್ ಅವರ ವಶವಾಗಿರುತ್ತದೆ. ಪ್ರೋಗ್ರಾಮ್ ಬರೆಯುವುದನ್ನೇ ಕಸುಬು ಮಾಡಿಕೊಂಡವರು ಕಾಣೆಯಾದ ಒಂದೇ ಒಂದು ಆವರಣ ಚಿಹ್ನೆಗಾಗಿ ಅರ್ಧ ದಿನ ಹುಡುಕುತ್ತಾರೆಂಬ ಸಂಗತಿ ಚಿತ್ರಕಥೆಗಾರರ ಕಿವಿಗೆ ಇನ್ನೂ ಬಿದ್ದಂತಿಲ್ಲ.

ಪಾಸ್‌ವರ್ಡ್ ಭೇದಿಸುವ ದೃಶ್ಯವನ್ನಂತೂ ನೋಡಿಯೇ ಆನಂದಿಸಬೇಕು. ಎಂಟು ಚೌಕಗಳಲ್ಲಿ ಅಕ್ಷರಗಳು ಗಿರಗಿರನೆ ತಿರುಗುತ್ತವೆ. ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲುತ್ತದೆ, ಕೊನೆಯದು ನಿಲ್ಲುವ ಹೊತ್ತಿಗೆ ಸರಿಯಾಗಿ ಕಾವಲುಗಾರನ ಬೂಟಿನ ಸದ್ದು ಬಾಗಿಲಿಗೆ ಬಂದಿರುತ್ತದೆ. ಎಷ್ಟು ಅಕ್ಷರ ಸರಿಯಾಗಿದೆ ಎಂಬುದನ್ನು ಕಳ್ಳನಿಗೆ ಆಗಾಗ ತಿಳಿಸುವ ಸೌಜನ್ಯ ಯಾವ ವ್ಯವಸ್ಥೆಗೂ ಇರುವುದಿಲ್ಲ. ಇಡೀ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದಷ್ಟೇ ಅದು ಹೇಳುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳನ್ನಷ್ಟೇ ಬಳಸಿದ ಎಂಟು ಅಕ್ಷರಗಳ ಪಾಸ್‌ವರ್ಡನ್ನು ಸಿನಿಮಾದ ಕ್ರಮದಲ್ಲಿ ಒಂದೊಂದಾಗಿ ಹುಡುಕಿದರೆ ಹೆಚ್ಚೆಂದರೆ 208 ಪ್ರಯತ್ನಗಳು ಸಾಕು. ವಾಸ್ತವದಲ್ಲಿ ಸಾಧ್ಯತೆಗಳ ಸಂಖ್ಯೆ ಸುಮಾರು 20,882 ಕೋಟಿ. ನಡುವಿನ ವ್ಯತ್ಯಾಸವನ್ನು ನಿರ್ದೇಶಕರು ಹಿನ್ನೆಲೆ ಸಂಗೀತದಿಂದ ತುಂಬಿಸುತ್ತಾರೆ.

ಈ ಕಲೆ ಶಿಖರವನ್ನು ಮುಟ್ಟಿದ್ದು ಅಮೆರಿಕದ ‘ಎನ್‌ಸಿಐಎಸ್’ ಧಾರಾವಾಹಿಯ 2004ರ ಒಂದು ಕಂತಿನಲ್ಲಿ. ಹೊರಗಿನಿಂದ ಯಾರೋ ನುಗ್ಗುತ್ತಿದ್ದಾರೆ, ಒಬ್ಬರ ಎರಡು ಕೈಗಳು ಸಾಲುತ್ತಿಲ್ಲ. ಆದ್ದರಿಂದ ಇನ್ನೊಬ್ಬರೂ ಬಂದು ಅದೇ ಕೀಬೋರ್ಡಿನ ಮೇಲೆ ಟೈಪ್ ಮಾಡತೊಡಗುತ್ತಾರೆ. ಎಡಗಡೆಯ ಅಕ್ಷರಗಳು ಒಬ್ಬರಿಗೆ, ಬಲಗಡೆಯವು ಮತ್ತೊಬ್ಬರಿಗೆ. ಸ್ಪೇಸ್‌ಬಾರ್ ಬಹುಶಃ ಜಂಟಿ ಖಾತೆಯಲ್ಲಿತ್ತು. ಕೊನೆಗೆ ಅವರ ಮೇಲಧಿಕಾರಿ ಏನೂ ಮಾತಾಡದೆ ಪ್ಲಗ್ ಕಿತ್ತುಹಾಕುತ್ತಾನೆ. ಇಡೀ ದೃಶ್ಯದಲ್ಲಿ ಅಷ್ಟಿಷ್ಟು ತಾಂತ್ರಿಕ ಜ್ಞಾನವಿದ್ದದ್ದು ಆತನೊಬ್ಬನಿಗೇ ಎಂದು ನನ್ನ ಅನುಮಾನ.

ಅಂತರ್ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ, ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಐಪಿ ವಿಳಾಸದ ಪ್ರತಿಯೊಂದು ಭಾಗವೂ 255ನ್ನು ಮೀರುವಂತಿಲ್ಲ ಎಂಬ ನಿಯಮ ಗೊತ್ತಿದ್ದೂ ಪರದೆಯ ಮೇಲೆ 300, 700 ಎಂದು ಬರೆಯುವವರಿಗೆ, ನಿಜವಾದ ವಿಳಾಸಕ್ಕೆ ತೊಂದರೆಯಾಗದಿರಲೆಂಬ ನೆಪವಾದರೂ ಉಂಟು. ಆದರೆ 192.0.2 ಎಂದು ಆರಂಭವಾಗುವ ವಿಳಾಸಗಳನ್ನು ಉದಾಹರಣೆಗಳಿಗೆಂದೇ ತೆಗೆದಿರಿಸಿರುವುದರಿಂದ ಆ ನೆಪವೂ ನಿಲ್ಲುವುದಿಲ್ಲ.

ನಿಜವಾದ ಕಳ್ಳತನವೊಂದನ್ನು ಕಥೆಯಾಗಿ ಹಿಡಿದು ನಿರ್ಮಾಪಕರ ಬಳಿ ಹೋದರೆ ಏನಾದೀತೆಂದು ಊಹಿಸಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಹಾಕಿದವರು 2015ರ ಜನವರಿಯಲ್ಲಿ ಕೆಲಸ ಕೇಳುವ ಅರ್ಜಿಯ ಸೋಗಿನಲ್ಲಿ ಸಿಬ್ಬಂದಿಗೆ ಇಮೇಲ್ ಕಳುಹಿಸಿದರು; ಒಳಹೊಕ್ಕ ಮೇಲೆ ಸುಮಾರು ಒಂದು ವರ್ಷ ಸದ್ದಿಲ್ಲದೆ ಕಾದು, 2016ರ ಫೆಬ್ರವರಿಯಲ್ಲಿ 95 ಕೋಟಿ ಡಾಲರ್ ಸಾಗಿಸಲು ಆದೇಶಗಳನ್ನು ಹೊರಡಿಸಿದರು. ವಹಿವಾಟುಗಳ ದಾಖಲೆ ಮುದ್ರಿಸಬೇಕಿದ್ದ ಪ್ರಿಂಟರ್ ನಿಂತುಹೋಯಿತು. ಪ್ರಿಂಟರ್ ಕೈಕೊಡುವುದು ಎಲ್ಲ ಕಚೇರಿಗಳ ನಿತ್ಯದ ಗೋಳಾದ್ದರಿಂದ ಸಿಬ್ಬಂದಿ ಅದನ್ನು ಮಾಮೂಲು ದೋಷವೆಂದೇ ತಿಳಿದರು. ಎರಡು ಕೋಟಿ ಡಾಲರಿನ ಒಂದು ಕಂತು ತಡೆಹಿಡಿಯಲ್ಪಟ್ಟದ್ದು ಫೌಂಡೇಶನ್ ಎಂಬ ಪದದ ಕಾಗುಣಿತ ತಪ್ಪಿದ್ದರಿಂದ! ಅಷ್ಟಾದರೂ 8.1 ಕೋಟಿ ಡಾಲರ್ ಕೈಬಿಟ್ಟುಹೋಯಿತು. ವರ್ಷವಿಡೀ ಸುಮ್ಮನೆ ಕುಳಿತ ಖಳನಾಯಕ, ಮುಖ್ಯ ಪಾತ್ರದಲ್ಲಿ ಕೆಟ್ಟುನಿಂತ ಪ್ರಿಂಟರ್, ಕ್ಲೈಮ್ಯಾಕ್ಸಿನಲ್ಲಿ ಒಂದು ಸ್ಪೆಲಿಂಗ್ ಮಿಸ್ಟೇಕ್: ಇಂಥ ಕಥೆಗೆ ಹಣ ಹೂಡುವ ಧೈರ್ಯ ಯಾವ ನಿರ್ಮಾಪಕರಿಗಿದೆ?

ತೆರೆಯ ಮೇಲಿನ ಕಂಪ್ಯೂಟರ್ ಬರೀ ಮನರಂಜನೆಯಲ್ಲವೇ ಎಂದು ತಳ್ಳಿಹಾಕುವಂತೆಯೂ ಇಲ್ಲ. 1983ರಲ್ಲಿ, ಹುಡುಗನೊಬ್ಬ ಸೇನೆಯ ಕಂಪ್ಯೂಟರಿಗೆ ನುಗ್ಗುವ ‘ವಾರ್‌ಗೇಮ್ಸ್’ ಚಿತ್ರವನ್ನು ನೋಡಿದ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಇಂಥದ್ದು ನಿಜವಾಗಿ ನಡೆಯಬಹುದೇ ಎಂದು ತಮ್ಮ ಸೇನಾ ಮುಖ್ಯಸ್ಥರನ್ನು ಕೇಳಿದರು. ಪರಿಸ್ಥಿತಿ ಅದಕ್ಕಿಂತ ಹದಗೆಟ್ಟಿದೆ ಎಂಬ ಉತ್ತರ ಬಂತು. 1984ರಲ್ಲಿ ಸರ್ಕಾರಿ ಕಂಪ್ಯೂಟರ್‌ಗಳ ಭದ್ರತೆಗಾಗಿ ಅಧ್ಯಕ್ಷೀಯ ನಿರ್ದೇಶನವೇ ಹೊರಬಿತ್ತು. ಒಂದು ದೇಶದ ಭದ್ರತಾ ನೀತಿ ಹೀಗೆ ಸಿನಿಮಾ ನೋಡಿ ಎಚ್ಚೆತ್ತುಕೊಂಡಿತು. ಆ ಚಿತ್ರದ ಹುಡುಗ ತನ್ನ ಶಾಲೆಯ ಕಂಪ್ಯೂಟರಿಗೆ ನುಗ್ಗುವುದು ಹಸಿರು ಅಕ್ಷರಗಳ ಸುರಿಮಳೆಯಿಂದಲ್ಲ, ಕಚೇರಿಯಲ್ಲಿ ಬರೆದಿಟ್ಟ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಓದಿಕೊಂಡು. ಅಂಥ ಚೀಟಿಗಳು ಇಂದಿಗೂ ಮಾನಿಟರಿನ ಅಂಚಿಗೆ ಅಂಟಿಕೊಂಡೇ ಇರುವುದರಿಂದ, ಆ ದೃಶ್ಯವನ್ನು ಮತ್ತೆ ತೆಗೆಯಬಯಸುವ ನಿರ್ದೇಶಕರಿಗೆ ಸೆಟ್ ಹಾಕಿಸುವ ಖರ್ಚೂ ಬೀಳುವುದಿಲ್ಲ.